ಮನೆಯವರದ್ದು ಕೊನೆಯ ಪಂಕ್ತಿ

ನಮ್ಮ ವಾರ್ಡಿನ ವಾರ್ಷಿಕ ಪೂಜೆ ನಮ್ಮ ಮನೆಯಂಗಳದಲ್ಲೇ ಆಗುತ್ತಿತ್ತು, ಯಾಕೆಂದರೆ ಪಪ್ಪ ಗುರ್ಕಾರರಾಗಿದ್ದರು. ಇಗರ್ಜಿಗೆ ಸೇರಿದ ಮನೆಗಳನ್ನು ವಾರ್ಡುಗಳಾಗಿ ಹಂಚಿ, ಒಂದೊಂದಕ್ಕೆ ಒಬ್ಬ ಗುರ್ಕಾರನನ್ನು ನೇಮಿಸುವುದು ನಮ್ಮ ಕ್ರೈಸ್ತರಲ್ಲಿ ಹಿಂದಿನಿಂದ ಬಂದ ಪದ್ಧತಿ. ಸಾವಿನ ಸುದ್ದಿ ಮನೆಮನೆಗೆ ಮುಟ್ಟಿಸುವುದು, ಮದುವೆಗೆ ಕರೆಯುವಾಗ ಯಾರನ್ನೂ ಮರೆಯದಂತೆ ನೋಡಿಕೊಳ್ಳುವುದು, ಅಣ್ಣತಮ್ಮಂದಿರು ಬೇಲಿಗಾಗಿ ಹೊಡೆದಾಡಿದರೆ ನಡುವೆ ಹೋಗಿ ನಿಲ್ಲುವುದು ಗುರ್ಕಾರನ ಕೆಲಸ. ಸಂಬಳ ಇಲ್ಲ, ಬೈಗುಳ ಧಾರಾಳ. ಪಪ್ಪ ಅದನ್ನು ದೊಡ್ಡ ಮರ್ಯಾದೆ ಎಂದೇ ತಿಳಿದಿದ್ದರು.

ಪೂಜೆ ಮುಗಿದ ಮೇಲೆ ಊಟ. ಮೊದಲ ಪಂಕ್ತಿಗೆ ಫಾದರ್, ವಾರ್ಡಿನ ಹಿರಿಯರು, ದೂರದಿಂದ ಬಂದವರು. ಎರಡನೆಯದಕ್ಕೆ ಉಳಿದ ಗಂಡಸರು, ಮೂರನೆಯದಕ್ಕೆ ಹೆಂಗಸರು, ಮಕ್ಕಳು. ಎಲ್ಲರೂ ಕೈ ತೊಳೆದು, ವೀಳ್ಯ ಹಾಕಿ, ಅರ್ಧ ಜನ ಹೊರಟುಹೋದ ಮೇಲೆ ಮನೆಯವರು ಕೂರಬೇಕು. ಅಷ್ಟರಲ್ಲಿ ಮಮ್ಮಿ ಮುಂಜಾವದಿಂದ ಬೇಯಿಸಿದ ಸಾನ್ನ ಮುಗಿದಿರುತ್ತಿತ್ತು. ಕಳ್ಳು ಹಾಕಿ ಉಬ್ಬಿಸಿದ, ಇಡ್ಲಿಯಂತೆ ಕಾಣುವ ಆದರೆ ಇಡ್ಲಿಗಿಂತ ಎಷ್ಟೋ ಮೆತ್ತಗಿನ ತಿಂಡಿ ಅದು. ಹಂದಿಮಾಂಸದ ಪಾತ್ರೆಯಲ್ಲಿ ಕೊಬ್ಬು ತೇಲುವ ಗಸಿ ಮಾತ್ರ. ಒಂದು ವರ್ಷ ನಾನು ಸಾನ್ನ ಬೇಕೆಂದು ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕೂತು ಅತ್ತಿದ್ದೆ. ಆಗ ಪಪ್ಪ ಬಂದು ಅನ್ನಕ್ಕೆ ಗಸಿ ಕಲಸಿ, ತುತ್ತು ಮಾಡಿ ಬಾಯಿಗಿಟ್ಟು, “ಮನೆಯವರು ಕೊನೆಗೆ ಮಗಾ, ಮರ್ಯಾದೆ ಅದೇ” ಅಂದರು. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಬರೆಯುವಾಗ ಅದನ್ನು ನಮ್ಮೂರ ಕನ್ನಡಕ್ಕೆ ತಂದಿದ್ದೇನೆ. ಹೆಣ್ಣಾದರೂ ಪ್ರೀತಿಯಲ್ಲಿ ನಾನು ಪಪ್ಪನಿಗೆ ‘ಮಗಾ’. ಕ್ರಿಸ್ಮಸ್ಸಿಗೂ ಇದೇ ಪಾಡು. ಗುರ್ಕಾರನ ಮನೆಗೆ ಬಂದುಹೋಗುವವರು ಮುಗಿಯುವುದೆಂದಿಲ್ಲ.

ಈ ಊಟದ ಪದ್ಧತಿ ನನ್ನ ಓದಿನ ತಲೆಯ ಮೇಲೆ ಬಂದು ಕೂರುತ್ತದೆಂದು ಯಾರು ಎಣಿಸಿದ್ದರು?

ನಾನು ಹತ್ತನೆಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತೆಂದರೆ ಕಾಸರಗೋಡಿನ ನಮ್ಮಂಥ ಮನೆಗಳಲ್ಲಿ ಒಂದೇ ಚರ್ಚೆ: ಪ್ಲಸ್ ಟುವಾ, ಪಿಯುಸಿಯಾ? ಇಲ್ಲೇ ಇದ್ದರೆ ಕೇರಳದ ಪ್ಲಸ್ ಟು, ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋದರೆ ಕರ್ನಾಟಕದ ಪಿಯುಸಿ. ಇಲ್ಲಿ ಪುಸ್ತಕ ಇಂಗ್ಲಿಷಿನದು, ವಿವರಿಸುವವರು ಹೆಚ್ಚಾಗಿ ಮಲಯಾಳದವರು. ನಮಗೆ ಬರುತ್ತಿದ್ದುದು ಮೀನು ಕೊಳ್ಳುವಷ್ಟು ಮಲಯಾಳ. ಅಲ್ಲಿಗೆ ಹೋದರೆ ಮಾತು ಅರ್ಥವಾಗುತ್ತದೆ, ಆದರೆ ಹಾಸ್ಟೆಲು, ಟ್ಯೂಷನ್ನು, ಶನಿವಾರದ ಬಸ್ಸು. ಮಮ್ಮಿ ಪಿಯುಸಿಯ ಪಕ್ಷ. “ತಿಳಿಯದ ಭಾಷೆಯಲ್ಲಿ ಫಿಸಿಕ್ಸ್ ಕೇಳಿ ಇವಳಿಗೆ ಎಂತ ಆಗ್ತದೆ?” ಎಂದು ಅವಳ ವಾದ. ನನ್ನ ವಾದವನ್ನು ಮಾತ್ರ ಯಾರೂ ಕೇಳಿರಲಿಲ್ಲ.

ನನಗೆ ದನದ ಡಾಕ್ಟರಾಗಬೇಕಿತ್ತು. ಹೀಗೆ ಹೇಳಿದರೆ ನಮ್ಮಲ್ಲಿ ಜನ ನಗುತ್ತಿದ್ದರು, ಅದಕ್ಕೇ ಹೇಳುತ್ತಿರಲಿಲ್ಲ. ಮಮ್ಮಿ ಹಿತ್ತಿಲಲ್ಲಿ ಹಂದಿ ಸಾಕುತ್ತಿದ್ದಳು. ಒಂದು ಹಂದಿ ಮರಿ ಹಾಕಲಾರದೆ ಒದ್ದಾಡುತ್ತಿದ್ದಾಗ ದೂರದಿಂದ ಜೀಪಿನಲ್ಲಿ ಬಂದ ಡಾಕ್ಟರು ತೋಳಿನವರೆಗೆ ಸೋಪು ಹಚ್ಚಿಕೊಂಡು, ಮಣ್ಣಿನಲ್ಲಿ ಮಲಗಿ, ಮೂತಿ ಮಾತ್ರ ಕಾಣುತ್ತಿದ್ದ ಮರಿಯನ್ನು ಎಳೆದು ತೆಗೆದದ್ದನ್ನು ನೋಡಿದ್ದೆ. ಉಸಿರಾಡದ ಮರಿಯನ್ನು ಹಳೆ ಬಟ್ಟೆಯಲ್ಲಿ ಉಜ್ಜಲು ನನ್ನ ಕೈಗೆ ಕೊಟ್ಟರು. ಉಜ್ಜುತ್ತಾ ಉಜ್ಜುತ್ತಾ ಅದು ಕುಂಯ್ ಎಂದಿತು. ಆ ಸದ್ದು ಕೇಳಿದ ಮೇಲೆ ಬೇರೆ ಯಾವ ಕೆಲಸವೂ ನನಗೆ ಕೆಲಸವೆಂದೇ ಕಾಣಲಿಲ್ಲ.

ನಮ್ಮ ಬಯಾಲಜಿ ಟೀಚರಿಗೆ ಮಾತ್ರ ಹೇಳಿದ್ದೆ. ಅವರು ನಗಲಿಲ್ಲ. “ವೆಟರ್ನರಿಗೆ ಹೋಗ್ಬೇಕಾದ್ರೆ ಬಯಾಲಜಿ ಇರುವ ಸಯನ್ಸ್ ಗ್ರೂಪೇ ಬೇಕು. ಬೇರೆ ತಗೊಂಡ್ರೆ ಆ ಬಾಗಿಲು ಮುಚ್ಚಿತು ಅಂತ ಲೆಕ್ಕ. ಮಂಗಳೂರಿಗೆ ಹೋಗ್ಬೇಕಂತಿಲ್ಲ, ಇಲ್ಲೇ ಮಾಡು. ಕೇರಳದ ಎಂಟ್ರೆನ್ಸೂ ಬರೀಬಹುದು, ಗಡಿನಾಡ ಕನ್ನಡಿಗರ ಲೆಕ್ಕದಲ್ಲಿ ಕರ್ನಾಟಕದ ಸಿಇಟಿಯೂ ಬರೀಬಹುದು. ಮಲಯಾಳ ಎರಡು ತಿಂಗಳಲ್ಲಿ ಕಿವಿಗೆ ಹತ್ತುತ್ತದೆ” ಎಂದರು. ಯಾವ ಶಾಲೆ ಎಂಬುದನ್ನೂ ಅವರೇ ತೋರಿಸಿದರು. ಮನೆಯ ಹತ್ತಿರದಿಂದ ಒಂದೇ ಬಸ್ಸು, ಎರಡನೇ ಭಾಷೆಯಾಗಿ ಕನ್ನಡ ಉಂಟು. ಬೆಳಿಗ್ಗೆ ಹಂದಿಗೂಡು ತೊಳೆದೂ ಹೋಗಬಹುದು. ಇದನ್ನು ಕೇಳಿದ ಮೇಲೆ ಮಮ್ಮಿ ಪಿಯುಸಿಯ ಮಾತು ಬಿಟ್ಟಳು. ಗೂಡು ತೊಳೆಯುವ ಸಂಗತಿ ಅವಳಿಗೆ ಬಹಳ ಹಿಡಿಸಿತು ಅಂತ ನನ್ನ ಗುಮಾನಿ.

ಇತ್ತ ಪಪ್ಪನಿಗೆ ಸಲಹೆಗಳ ಮಳೆ. ಬದಿಯಡ್ಕ ಪೇಟೆಯಲ್ಲಿ ಅವರದ್ದು ಟೈಲರ್ ಅಂಗಡಿ. ಮೊದಲು ಬಟ್ಟೆ ಕೊಟ್ಟವರಿಗೆ ಮೊದಲು ಹೊಲಿಯುವ ನಿಯಮ ಅಲ್ಲಿ ಇರಲಿಲ್ಲ. ಯಾರು ಬಂದು ‘ಸ್ವಲ್ಪ ಅರ್ಜೆಂಟುಂಟು’ ಎನ್ನುತ್ತಾರೋ ಅವರದ್ದು ಮೊದಲು. ‘ಇಲ್ಲ’ ಎಂಬ ಮಾತು ಅವರ ಬಾಯಿಗೇ ಬರುತ್ತಿರಲಿಲ್ಲ. ಭಾನುವಾರ ಇಗರ್ಜಿಯಲ್ಲಿ ನಾನು ಬೈಬಲ್ ವಾಚನ ಓದಿದ್ದನ್ನು ಕೇಳಿದ ಫಾದರ್, “ಸ್ವರ ಚಂದ ಉಂಟು ಗುರ್ಕಾರ್ರೇ, ಹ್ಯುಮಾನಿಟೀಸ್ ಮಾಡಿಸಿ, ದೊಡ್ಡ ಅಧಿಕಾರಿ ಆದಾಳು. ಕಾಸರಗೋಡಲ್ಲಿ ಒಳ್ಳೆ ಸ್ಕೂಲುಂಟು” ಎಂದರಂತೆ. ಪಪ್ಪ “ಹಾಗೇ ಆಗಲಿ ಫಾದರ್” ಎಂದರಂತೆ. ಎಡನೀರಿನ ನಿವೃತ್ತ ಹೆಡ್ಮಾಷ್ಟ್ರು ಪ್ಯಾಂಟಿನ ಅಳತೆ ಕೊಡಲು ಬಂದವರು ಕಂಪ್ಯೂಟರ್ ಸಯನ್ಸ್ ಎಂದರು. ಹಾಗೇ ಆಗಲಿ. ಪಕ್ಕದ ಬಟ್ಟೆ ಅಂಗಡಿಯ ಹಾಜಿಯವರು, ಬ್ಯಾರಿ ಭಾಷೆಯವರು, ಪಪ್ಪನ ಹಳೆಯ ಸ್ನೇಹಿತರು, ಕಾಮರ್ಸ್ ಎಂದರು. ಅದೂ ಹಾಗೇ ಆಗಲಿ.

ಆಗ ಪ್ಲಸ್ ಟು ಸೀಟು ಹಂಚುವುದು ಕಂಪ್ಯೂಟರಿನಲ್ಲಿ. ಯಾವ ಶಾಲೆಯ ಯಾವ ಗ್ರೂಪು ಬೇಕೆಂದು ಒಂದರ ಕೆಳಗೊಂದು ಕೊಡಬೇಕು. ಅದಕ್ಕೆ ಆಪ್ಶನ್ ಕೊಡುವುದು ಎನ್ನುತ್ತಿದ್ದೆವು. ಹೊಸ ಪದ್ಧತಿ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪಪ್ಪನ ಅಂಗಡಿಯ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಅದನ್ನು ಮಾಡಿಕೊಡುತ್ತಿದ್ದರು. ನಾನೂ ಹೋಗಬೇಕೆಂದಿದ್ದ ದಿನ ಬೆಳಿಗ್ಗೆ ನಮ್ಮ ಹಂದಿ ಮರಿ ಹಾಕಲು ಸುರುಮಾಡಿತು. ಅದನ್ನು ಬಿಟ್ಟು ನಾನು ಹೋಗುವುದುಂಟೇ! “ನೀನಿರು, ನಾನು ಕೊಟ್ಟು ಬರ್ತೇನೆ. ನಿಂಗೆ ಬೇಕಾದ್ದು ಯಾವುದೂಂತ ಗೊತ್ತುಂಟಲ್ಲ” ಎಂದು ಪಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೊರಟರು. ಸಂಜೆ ಬಂದು, ಎಲ್ಲ ಚಂದ ಆಯಿತೆಂದರು. ಮರಿಗಳೂ ಚಂದ ಆಗಿದ್ದವು. ಮನೆಯಲ್ಲಿ ಎಲ್ಲರಿಗೂ ಖುಷಿ.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಪರೀಕ್ಷಾರ್ಥ ಪಟ್ಟಿ ಬಂತೆಂದು ಸುದ್ದಿ. ಟ್ರಯಲ್ ಎನ್ನುತ್ತಿದ್ದರು, ನಿಜವಾದ ಸೀಟು ಹಂಚಿಕೆಗೆ ಮೊದಲು, ಹೀಗೆ ಸಿಗಬಹುದು ನೋಡಿ ಎಂದು ತೋರಿಸುವುದು. ಕೊಡೆ ಹಿಡಿದು ಪೇಟೆಗೆ ಓಡಿದೆ. ಕಂಪ್ಯೂಟರ್ ಅಂಗಡಿಯ ಹುಡುಗಿ ನಂಬರ್ ಒತ್ತಿ, “ಹೇ, ಫಸ್ಟ್ ಆಪ್ಶನ್ನೇ ಸಿಕ್ಕಿದೆ! ಹ್ಯುಮಾನಿಟೀಸ್, ಕಾಸರಗೋಡು” ಎಂದಳು.

ಬೇರೆ ಯಾರದ್ದೋ ಇರಬೇಕೆಂದೆ. ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನನ್ನ ಹೆಸರೇ. ಒಂದನೆಯದು ಹ್ಯುಮಾನಿಟೀಸ್, ಎರಡನೆಯದು ಕಂಪ್ಯೂಟರ್, ಮೂರನೆಯದು ಕಾಮರ್ಸ್. ಎಲ್ಲಕ್ಕಿಂತ ಕೆಳಗೆ ನನ್ನ ಬಯಾಲಜಿ. ಹುಡುಗಿ ವಿವರಿಸಿದಳು: ಕಂಪ್ಯೂಟರು ಮೇಲಿನಿಂದ ನೋಡುತ್ತಾ ಬರುತ್ತದೆ, ಸಿಗುವ ಮೊದಲನೆಯದನ್ನು ಕೊಡುತ್ತದೆ, ಅದರ ಕೆಳಗಿನದೆಲ್ಲ ರದ್ದು. ನಿಜವಾದ ಹಂಚಿಕೆಯಲ್ಲೂ ಹೀಗೇ ಬಂದರೆ ಅಲ್ಲೇ ಸೇರಬೇಕು, ಇಲ್ಲದಿದ್ದರೆ ಸೀಟೇ ಇಲ್ಲ. “ಚೇಂಜ್ ಮಾಡ್ಲಿಕ್ಕೆ ನಾಳೆ ಸಂಜೆ ಐದರವರೆಗೆ ಟೈಮುಂಟು” ಎಂದಳು.

ರಸ್ತೆ ದಾಟಿ ಪಪ್ಪನ ಮುಂದೆ ನಿಂತಾಗ ನನಗೆ ಅಳುವೂ ಕೋಪವೂ ಒಟ್ಟಿಗೆ ಬಂದವು, ಹಾಗೇ ಪಟ್ಟಿಯ ಸಂಗತಿ ಒದರಿದೆ. ಅವರು ಮೆಷಿನ್ ನಿಲ್ಲಿಸಿ ಕೇಳಿಸಿಕೊಂಡರು. ಮುಖದಲ್ಲಿ ತಪ್ಪಿತಸ್ಥನ ಕಳೆಯೇ ಇಲ್ಲ.

“ಫಾದರ್ ಹೇಳಿದ್ದು ಮೊದಲು ಹಾಕಿದೆ. ಮತ್ತೆ ಮಾಷ್ಟ್ರದ್ದು. ಮತ್ತೆ ಹಾಜಿಯವರದ್ದು. ನಿನ್ನದನ್ನು ಬಿಡ್ಲಿಲ್ಲ ಮಗಾ, ಅದೂ ಉಂಟಲ್ಲ?”

“ಕೊನೆಗೆ ಉಂಟು!”

“ಮನೆಯವರದ್ದಲ್ವಾ?” ಎಂದರು ಪಪ್ಪ.

ಅವರಿಗೆ ಆ ಆಪ್ಶನ್ ಪಟ್ಟಿ ಮದುವೆಗೆ ಕರೆಯುವವರ ಪಟ್ಟಿ ಇದ್ದ ಹಾಗೆ. ಯಾರ ಹೆಸರು ಮೊದಲು, ಯಾರದ್ದು ಆಮೇಲೆ ಎಂದು ನೋಡಿ ನೋಡಿ ಕೂದಲು ನರೆಸಿಕೊಂಡ ಮನುಷ್ಯ. ಹಿರಿಯರನ್ನು ಮೊದಲು ಕೂರಿಸಿದರೆ, ಕೊನೆಗೆ ಮನೆಯವರಿಗೂ ಏನಾದರೂ ಉಳಿದೇ ಉಳಿಯುತ್ತದೆಂಬ ನಂಬಿಕೆ. ಸಾನ್ನ ಮುಗಿದರೆ ಗಸಿಯಾದರೂ ಇರುತ್ತದಲ್ಲ. ಇಲ್ಲಿ ಗಸಿಯೂ ಉಳಿಯುವುದಿಲ್ಲವೆಂದು ನಾನು ಬಿಡಿಸಿ ಹೇಳಿದಾಗ ಅವರ ಕೈಯಲ್ಲಿದ್ದ ಅಳತೆ ಟೇಪು ಕೆಳಗೆ ಬಿತ್ತು. ಕೋಪದ ನಡುವೆಯೂ ನನಗೆ ಅವರನ್ನು ನೋಡಿ ಪಾಪ ಅನಿಸಿತು.

ಮನೆಯಲ್ಲಿ ಮಮ್ಮಿಗೆ ಹಾಗೇನೂ ಅನಿಸಲಿಲ್ಲ. “ಊರಿಗೆ ಉಪಕಾರಿ, ಮನೆಗೆ ಮಾರಿ! ಕೂಸಿನ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿದಿರಲ್ಲ” ಎಂದು ಸುರುಮಾಡಿದವಳು ಊಟದವರೆಗೂ ನಿಲ್ಲಿಸಲಿಲ್ಲ. ಪಪ್ಪ ಎಲ್ಲ ಕೇಳಿ, “ನಾಳೆ ಸರಿಮಾಡ್ತೇನೆ. ಬೆಳಿಗ್ಗೆ ಮೂವರಿಗೂ ಹೇಳಿ ಬಂದು, ಮತ್ತೆ ಕಂಪ್ಯೂಟರಿಗೆ” ಎಂದರು.

“ಅವರಿಗೆ ಎಂತಕ್ಕೆ ಹೇಳುವುದು? ಬೆಳಿಗ್ಗೆ ಸೀದಾ ಹೋಗಿ ಬದಲಾಯ್ಸಿ!”

“ಎಲೆಗೆ ಕೂತವರನ್ನು ಹೇಳದೆ ಎಬ್ಬಿಸುವುದಾ ಮಾರಾಯ್ತಿ? ನನ್ನಿಂದಾಗದು.”

ಮಮ್ಮಿ ತಲೆ ಚಚ್ಚಿಕೊಂಡಳು. ನಾನು ನಿದ್ದೆ ಇಲ್ಲದೆ ಹೊರಳಾಡಿದೆ. ಬೆಳಿಗ್ಗೆ ಪಪ್ಪನ ಜೊತೆ ನಾನೂ ಹೊರಟೆ, ಮರ್ಯಾದೆಗಾಗಿ ಅಲ್ಲ, ಕಾವಲಿಗೆ.

ಫಾದರ್ ಬಂಗಲೆಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಪಪ್ಪ ಕೊಡೆ ಮಡಚಿ, ನಿಂತೇ, ಯಾರೋ ತೀರಿಕೊಂಡ ಸುದ್ದಿ ಹೇಳುವ ಸ್ವರದಲ್ಲಿ ಎಲ್ಲ ಹೇಳಿದರು. ತಾವು ಹೇಳಿದ್ದನ್ನು ಕೆಳಗಿಳಿಸಬೇಕಾಗಿ ಬಂದಿದೆ, ಬೇಸರ ಮಾಡಬಾರದು. ಫಾದರ್ ಕನ್ನಡಕ ತೆಗೆದು, “ಹ್ಯುಮಾನಿಟೀಸಾ? ನಾನು ಯಾವಾಗ ಹೇಳಿದೆ ಗುರ್ಕಾರ್ರೇ?” ಎಂದರು. ಅವರಿಗೆ ನೆನಪೇ ಇಲ್ಲ! ಮತ್ತೆ ನನ್ನ ಕಡೆ ತಿರುಗಿ, “ನಿನಗೆ ಎಂತ ಬೇಕು ಮಗಳೇ?” ಎಂದರು. ಹೇಳಿದೆ. “ಹಾಗಾದ್ರೆ ಇಲ್ಲಿ ಎಂತ ಮಾಡ್ತಾ ಇದ್ದೀರಿ? ಬೇಗ ಹೋಗಿ!” ಎಂದು ನಮ್ಮನ್ನು ಅವಸರಿಸಿ ಕಳಿಸಿದರು. ಪಪ್ಪನ ಮುಖ ಬಿಚ್ಚಿಕೊಂಡಿತು. ನನಗೆ ಮಾತ್ರ ಉರಿಯಿತು. ಹೇಳಿದವರಿಗೇ ನೆನಪಿಲ್ಲದ ಮಾತಿಗೆ ನಮ್ಮ ಮನೆಯಲ್ಲಿ ಮೊದಲ ಪಂಕ್ತಿ.

ಹೆಡ್ಮಾಷ್ಟ್ರ ಮನೆಯಲ್ಲಿ ಹಾಗಾಗಲಿಲ್ಲ. ಎಡನೀರಿನಲ್ಲಿ ಬಸ್ಸಿಳಿದು, ಮಳೆಯಲ್ಲಿ ನೆನೆದು ಮನೆ ಮುಟ್ಟಿದಾಗ ಅವರಿಗೆ ತಾವು ಹೇಳಿದ್ದು ಅಕ್ಷರಕ್ಷರ ನೆನಪಿತ್ತು. ನನ್ನ ಕಾಲದಲ್ಲಿ, ನನ್ನ ಶಿಷ್ಯರಲ್ಲಿ ಎಂದು ಹೊರಟ ಮಾತು ಒಂದು ಚಹಾ ಮುಗಿದರೂ ಮುಗಿಯಲಿಲ್ಲ. ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಪಪ್ಪ ಎಲ್ಲದಕ್ಕೂ “ಹೌದು ಮಾಷ್ಟ್ರೇ” ಎನ್ನುತ್ತಿದ್ದರು. ಎಲ್ಲಿ ಈ ಮನುಷ್ಯ ‘ಹಾಗೇ ಆಗಲಿ’ ಎಂದುಬಿಡುತ್ತಾರೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು.

ಕೊನೆಗೆ ಮಾಷ್ಟ್ರು ಕೇಳಿದರು, “ಅಲ್ಲ ಮಾರಾಯ, ಇಷ್ಟು ಮಾರ್ಕು ತೆಗೆದ ಕೂಸು ಎಂತ ಆಗುವುದಂತೆ? ಹಂದಿ ಡಾಕ್ಟ್ರಾ?”

ಪಪ್ಪ ಕಪ್ಪನ್ನು ಕೆಳಗಿಟ್ಟರು. “ಹೌದು ಮಾಷ್ಟ್ರೇ. ಹಂದಿಯದ್ದೂ, ದನದ್ದೂ. ನಮ್ಮ ಹಂದಿ ಸಾಯ್ಲಿಕ್ಕೆ ಆದಾಗ ಇವಳು ಅದರ ಮರಿಯನ್ನು ಬದುಕಿಸಿದ್ದಾಳೆ. ನಾನು ನೋಡಿದ್ದೇನೆ. ಕಂಪ್ಯೂಟರು ಇವಳಿಗೆ ಬೇಡ.”

ಸ್ವರ ಎತ್ತರಿಸಲಿಲ್ಲ. ಆದರೆ ಹಿರಿಯರೊಬ್ಬರ ಎದುರು ಪಪ್ಪನ ಬಾಯಲ್ಲಿ ‘ಬೇಡ’ ಎಂಬ ಮಾತು ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ಎದ್ದು ಕೈಮುಗಿದು ಹೊರಟೇಬಿಟ್ಟರು. ಹಿಂದೆ ಓಡುತ್ತಾ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮಾಷ್ಟ್ರು ಆಮೇಲೆ ಕೆಲವು ತಿಂಗಳು ಪ್ಯಾಂಟು ಬೇರೆ ಕಡೆ ಹೊಲಿಸಿದರು. ಮತ್ತೆ ಬಂದರು, ಬೇರೆಯವರ ಕಟಿಂಗ್ ಸರಿಯಾಗಲಿಲ್ಲವಂತೆ.

ಬದಿಯಡ್ಕಕ್ಕೆ ಬಂದಾಗ ಮಧ್ಯಾಹ್ನ ದಾಟಿತ್ತು. ಹಾಜಿಯವರ ಅಂಗಡಿಯಲ್ಲಿ ಪಪ್ಪ ಹಂದಿಯ ಸುದ್ದಿ ಎತ್ತದೆ, ದನದ ಡಾಕ್ಟ್ರು ಎಂದಷ್ಟೇ ಹೇಳಿದರು. ಹಾಜಿಯವರು ನಕ್ಕು, ನಮ್ಮ ಕ್ರೈಸ್ತರನ್ನು ಊರಲ್ಲಿ ಕರೆಯುವಂತೆ, “ಪರ್ಬುಗಳೇ, ಇದನ್ನು ಹೇಳ್ಲಿಕ್ಕೆ ಇಷ್ಟು ಸುತ್ತುದಾ? ಆಡಿಗೂ ಮದ್ದು ಕೊಡ್ತಾರಲ್ಲ ಅವರು? ನಮ್ಮ ಮನೆಯ ಆಡುಗಳಿಗೆ ಒಬ್ಬ ಡಾಕ್ಟ್ರಿಲ್ಲ. ಹೋಗಿ ಹೋಗಿ, ಅಲ್ಲಿ ಜನ ಸೇರಿದ್ದಾರೆ” ಎಂದು ಬೆನ್ನು ತಟ್ಟಿದರು.

ಜನ ಸೇರಿದ್ದು ನಿಜ. ನಮ್ಮ ಸರದಿ ಬರುವ ಹೊತ್ತಿಗೆ ಕರೆಂಟೂ ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆ ಅದು ಹೋದರೆ ಯಾವಾಗ ಬರುತ್ತದೆಂದು ದೇವರಿಗೂ ಗೊತ್ತಿಲ್ಲ. ಪಪ್ಪ ಜಪಸರ ತೆಗೆದು ಬಾಗಿಲ ಬದಿಯಲ್ಲಿ ನಿಂತರು. ನಾನು ಒಂದೂ ಪ್ರಾರ್ಥನೆ ನೆನಪಾಗದೆ ಕತ್ತಲಾದ ಪರದೆಯನ್ನೇ ನೋಡುತ್ತಿದ್ದೆ. ಐದಕ್ಕೆ ಇನ್ನು ಸ್ವಲ್ಪವೇ ಇದೆ ಎನ್ನುವಾಗ ತಲೆಯ ಮೇಲಿನ ಫ್ಯಾನು ತಿರುಗಿತು. ಹುಡುಗಿ, “ಬೇಗ ಹೇಳಿ, ಫಸ್ಟ್ ಯಾವುದು?” ಎಂದಳು.

“ಇವಳು ಹೇಳಿದ್ದು” ಎಂದರು ಪಪ್ಪ.

ಹೇಳಿದೆ. ಎರಡನೆಯದು, ಮೂರನೆಯದು, ಬೇರೆ ಶಾಲೆಗಳ ಬಯಾಲಜಿ. ಎಲ್ಲ ಮುಗಿಯಿತು ಎನ್ನುವಾಗ ಪಪ್ಪ ಮುಂದೆ ಬಾಗಿ, ತಗ್ಗಿದ ಸ್ವರದಲ್ಲಿ, “ಅಡಿಯಲ್ಲಿ ಜಾಗ ಉಂಟಾ? ಫಾದರದ್ದು, ಮಾಷ್ಟ್ರದ್ದು, ಹಾಜಿಯವರದ್ದು ಅಲ್ಲಿ ಇರ್ಲಿ. ಕರೆದು ಹಾಗೇ ಕಳಿಸುವುದು ಬೇಡ” ಎಂದರು. ಹುಡುಗಿ ನನ್ನ ಮುಖ ನೋಡಿದಳು. ಇರಲಿ ಎಂದೆ.

ಬಯಾಲಜಿಯೇ ಸಿಕ್ಕಿತು. ಮಲಯಾಳ ಎರಡು ತಿಂಗಳಲ್ಲಿ ಕಿವಿಗೆ ಹತ್ತುತ್ತದೆ ಎಂಬ ಟೀಚರ ಮಾತು ಶುದ್ಧ ಸುಳ್ಳು. ಓಣಂ ಕಳೆದು ಕ್ರಿಸ್ಮಸ್ ಬಂದರೂ ಫಿಸಿಕ್ಸ್ ತರಗತಿಯಲ್ಲಿ ನಾನು ಬೋರ್ಡು ಮಾತ್ರ ಓದುತ್ತಿದ್ದೆ. ಆಮೇಲೆ ಹೇಗೋ ದಾರಿ ಸಿಕ್ಕಿತು. ಎರಡೂ ಕಡೆಯ ಪರೀಕ್ಷೆ ಬರೆದೆ. ಕರ್ನಾಟಕದ ಕಡೆ ವೆಟರ್ನರಿ ಸೀಟು ಸಿಕ್ಕಿತು. ಇಂದು ಇದೇ ಜಿಲ್ಲೆಯ ಹಟ್ಟಿಗಳಲ್ಲಿ ತೋಳಿನವರೆಗೆ ಸೋಪು ಹಚ್ಚಿಕೊಂಡು ಮಲಗುವವಳು ನಾನೇ. ಹಾಜಿಯವರ ಆಡುಗಳನ್ನೂ ನೋಡಿದ್ದೇನೆ.

ವೆಟರ್ನರಿ ಸೀಟು ಸಿಕ್ಕಿದ ವರ್ಷ ವಾರ್ಡಿನ ಪೂಜೆ ಎಂದಿನಂತೆ ನಮ್ಮ ಅಂಗಳದಲ್ಲಿ ಆಯಿತು. ಮೊದಲ ಪಂಕ್ತಿ ಕೂರುತ್ತಿತ್ತು. ನಾನು ನೀರಿನ ಜಗ್ಗು ಹಿಡಿದು ಹೊರಟಿದ್ದೆ. ಪಪ್ಪ ಬಂದು ಜಗ್ಗನ್ನು ಕೈಯಿಂದ ತೆಗೆದುಕೊಂಡು, “ಕೂತ್ಕೋ” ಎಂದು ಫಾದರ ಸಾಲಿನ ಕೊನೆಯ ಎಲೆ ತೋರಿಸಿದರು. ನನಗೆ ಅರ್ಥವಾಗಲಿಲ್ಲ. ಹಿರಿಯರೆಲ್ಲ ನೋಡುತ್ತಿದ್ದಾರೆ. ನಾಚಿಕೆಯಿಂದ ಮೈ ಹಿಡಿಯಾಯಿತು. “ಕೂತ್ಕೋ ಮಗಾ, ತಣಿಯುತ್ತದೆ” ಎಂದರು ಮತ್ತೆ. ಮಮ್ಮಿ ಅಡುಗೆಮನೆಯ ಬಾಗಿಲಿಂದ ನೋಡಿದಳು. ಪಪ್ಪನೇ ಬುಟ್ಟಿ ತಂದು ನನ್ನ ಎಲೆಗೆ ಸಾನ್ನ ಹಾಕಿದರು. ಹಬೆ ಏಳುತ್ತಿತ್ತು. ತಲೆ ತಗ್ಗಿಸಿ ಗಬಗಬ ತಿಂದದ್ದರಲ್ಲಿ ರುಚಿ ಸರಿಯಾಗಿ ತಿಳಿಯಲೇ ಇಲ್ಲ ಎಂಬುದು ಬೇರೆ ಮಾತು.

ಎಲ್ಲರೂ ಹೋದ ಮೇಲೆ ಪಪ್ಪ ಮಮ್ಮಿ ಕೂತರು. ಈ ಸಲ ಬಡಿಸುವವಳು ನಾನು. ಬುಟ್ಟಿ ಖಾಲಿ. ಅನ್ನ ಹಾಕಿ, ಪಾತ್ರೆ ಬಗ್ಗಿಸಿ ಗಸಿ ಹೊಯ್ದೆ. ಪಪ್ಪ ಕಲಸುತ್ತಾ, ತಲೆ ಎತ್ತದೆ, “ನಮ್ಮ ಮನೆಯ ಸಾನ್ನ ಬಿಸಿ ಇರುವಾಗ ಹೇಗಿರ್ತದೆ?” ಎಂದು ಕೇಳಿದರು.